ಸಮವಿಲ್ಲದ ತಾಳ

ಜನವರಿ 15ರ ಮಧ್ಯಾಹ್ನ ಡ್ರೆಸ್ಡೆನ್‌ನಲ್ಲಿ ಗೋರ್ಲಿಟ್ಸ್ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಹಾಳೆ ಇತ್ತು. ಅದರ ಮೇಲೆ ಆರು ಅಂಕಿ, ಒಂದೊಂದೂ ಒಂದು ಪೆಟ್ಟಿನ ಕಾಲಮಾನ: 4 4 4 2 3 2. ಒಂದು ವಾರದಿಂದ ಅಡುಗೆಮನೆಯಲ್ಲಿ, ಟ್ರಾಮ್‌ನಲ್ಲಿ, ತೊಡೆಯ ಮೇಲೆ ಅದನ್ನೇ ತಟ್ಟುತ್ತಿದ್ದೆ. ಎಂಟು ವರ್ಷ ಮೃದಂಗ ಕಲಿತವಳಿಗೆ ಲೆಕ್ಕವೇನೂ ಕಷ್ಟವಲ್ಲ. ಆದರೆ ಸಮವನ್ನು, ಅಂದರೆ ತಾಳದ ಸುತ್ತು ಶುರುವಾಗುವ ಪೆಟ್ಟನ್ನು, ಹುಡುಕಿ ಅಭ್ಯಾಸವಾದ ಕೈಗೆ ಅಲ್ಲಿ ಕಾಲೂರಲು ಜಾಗವೇ ಸಿಗುತ್ತಿರಲಿಲ್ಲ.

ಅದು ರಾಗವರ್ಧನ ತಾಳ, ಹಿಂದುಮುಂದಾಗಿ ತಿರುಗಿಸಿದ್ದು. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ಬರೆದ ‘ಸಂಗೀತ ರತ್ನಾಕರ’ದಲ್ಲಿ 120 ದೇಶೀ ತಾಳಗಳ ಪಟ್ಟಿಯಿದೆ. ಮುಂದೆ ವಿಜಯನಗರದಲ್ಲಿ ಕಲ್ಲಿನಾಥ ಆ ಗ್ರಂಥಕ್ಕೆ ಟೀಕೆ ಬರೆದ. ನಮ್ಮ ಕಛೇರಿಗಳಲ್ಲಿ ನಾನು ಒಮ್ಮೆಯೂ ಕೇಳದ ರಾಗವರ್ಧನವನ್ನು ಫ್ರೆಂಚ್ ಸಂಯೋಜಕ ಒಲಿವಿಯೇ ಮೆಸಿಯಾನ್ ಒಂದು ಸಂಗೀತ ವಿಶ್ವಕೋಶದ ಪುಟಗಳಲ್ಲಿ ಕಂಡು ಹಿಡಿದಿಟ್ಟುಕೊಂಡ. ಗುರುವಿನ ಬಾಯಿಂದ ಬಂದದ್ದಲ್ಲ, ಅಚ್ಚಿನ ಅಕ್ಷರದಿಂದ ಬಂದದ್ದು. ಇದು ನನಗೆ ಮೊದಮೊದಲು ಇಷ್ಟವಾಗಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ತಿರುತಿರುಗಿ ಬರುವ ಸುತ್ತನ್ನು, ಆವರ್ತವನ್ನೇ ಕಿತ್ತು ಹಾಕಿದ ಮೇಲೆ ಅದು ತಾಳ ಹೇಗಾದೀತು?

ಮೆಸಿಯಾನ್ ಹುಟ್ಟಿದ್ದು 1908ರಲ್ಲಿ, ಅವಿನ್ಯೋನ್‌ನಲ್ಲಿ. ತಾಯಿ ಸೆಸೀಲ್ ಸೋವಾಜ್ ಕವಿ. 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೂ ಪ್ಯಾರಿಸ್ಸಿನ ತ್ರಿನಿತೆ ಚರ್ಚಿನ ಆರ್ಗನ್ ವಾದಕ. ಬುಲೇಜ್, ಜೆನಾಕಿಸ್‌ರಂಥ ಸಂಯೋಜಕರು ಅವನ ತರಗತಿಯಲ್ಲಿ ಕೂತವರು. ಈ ದೊಡ್ಡ ಬದುಕಿನಲ್ಲಿ ನನ್ನನ್ನು ರೈಲು ಹತ್ತಿಸಿದ್ದು ಮಾತ್ರ ಒಂದೇ ಚಳಿಗಾಲ. 1940ರಲ್ಲಿ ಸೈನಿಕನಾಗಿದ್ದ ಅವನನ್ನು ಜರ್ಮನ್ನರು ಸೆರೆಹಿಡಿದು ಗೋರ್ಲಿಟ್ಸ್‌ನ ಸ್ಟಾಲಾಗ್ 8-ಎ ಕ್ಯಾಂಪಿಗೆ ತಂದರು. ಅಲ್ಲಿದ್ದ ವಾದಕರಿಗೆಂದೇ, ಕ್ಲಾರಿನೆಟ್, ವಯೊಲಿನ್, ಚೆಲ್ಲೊ, ಪಿಯಾನೊಗೆ ಹೊಂದಿಸಿ, ‘ಕಾಲದ ಅಂತ್ಯಕ್ಕೊಂದು ಕ್ವಾರ್ಟೆಟ್’ ಬರೆದು ಮುಗಿಸಿದ. ಮೊದಲ ಪ್ರದರ್ಶನ 1941ರ ಜನವರಿ 15, ಕ್ಯಾಂಪಿನ ಒಂದು ಬ್ಯಾರಕ್‌ನಲ್ಲಿ.

ಚೆಲ್ಲೊಗೆ ಮೂರೇ ತಂತಿ ಇದ್ದವು ಎಂದು ಮೆಸಿಯಾನ್ ಹೇಳುತ್ತಿದ್ದ. ನುಡಿಸಿದ ಎತಿಯೆನ್ ಪಾಸ್ಕಿಯೇ ಮಾತ್ರ, ಇಲ್ಲ, ನಾಲ್ಕೂ ಇದ್ದವು ಎಂದ. ನನಗೆ ಪಾಸ್ಕಿಯೇ ಮಾತೇ ಸರಿ ಅನ್ನಿಸುತ್ತದೆ. ಜೊತೆಯ ಕೈದಿಗಳು ದುಡ್ಡು ಕೂಡಿಸಿ ಆ ಚೆಲ್ಲೊ ಕೊಡಿಸಿದ್ದರು, ಅದು ಸಾಲದೆ?

ಆ ಕ್ಯಾಂಪಿನ ಜಾಗ ಈಗ ಪೋಲೆಂಡ್‌ನ ಜ್ಗೊಜೆಲೆಟ್ಸ್‌ಗೆ ಸೇರಿದೆ. ನೈಸೆ ನದಿಯ ಸೇತುವೆಯನ್ನು ನಡೆದೇ ದಾಟಿದೆ. ಗಡಿ ಎಂಬುದು ಗೊತ್ತೇ ಆಗಲಿಲ್ಲ. ಕ್ಯಾಂಪ್ ಇದ್ದ ಕಡೆ ಮರಗಳು ಬೆಳೆದಿವೆ, ಪಕ್ಕದಲ್ಲಿ ಸ್ಮಾರಕ ಕೇಂದ್ರದ ಹೊಸ ಕಟ್ಟಡ. ಪ್ರತಿ ವರ್ಷ ಇದೇ ದಿನ ಅಲ್ಲಿ ಇದೇ ಕೃತಿ ನುಡಿಸುತ್ತಾರೆ.

ಶುರುವಾಯಿತು. ಕ್ಲಾರಿನೆಟ್‌ನಲ್ಲಿ ಬ್ಲ್ಯಾಕ್‌ಬರ್ಡ್, ವಯೊಲಿನ್‌ನಲ್ಲಿ ನೈಟಿಂಗೇಲ್, ಕತ್ತಲು ಹರಿಯುವ ಹೊತ್ತಿನಲ್ಲಿ ಎರಡು ಹಕ್ಕಿ ತಮ್ಮ ಪಾಡಿಗೆ ತಾವು ಕೂಗಿಕೊಂಡಂತೆ. ಕೆಳಗೆ ಪಿಯಾನೊ. ನನ್ನ ಬೆರಳು ತಾನಾಗಿಯೇ ಎಣಿಸತೊಡಗಿತು: ರಾಗವರ್ಧನ, ಬೆನ್ನಿಗೇ ಚಂದ್ರಕಲಾ, ಆಮೇಲೆ ಲಕ್ಷ್ಮೀಶ. ಮೂರೂ ತಾಳ ಸೇರಿ 17 ಕಾಲಮಾನ. ಅದರ ಮೇಲೆ ಸುತ್ತುವ ಸ್ವರಮೇಳಗಳು, ಅಂದರೆ ಒಟ್ಟಿಗೇ ಒತ್ತುವ ಸ್ವರಗಳ ಗೊಂಚಲುಗಳು, 29. ಹದಿನೇಳೂ ಇಪ್ಪತ್ತೊಂಬತ್ತೂ ಮತ್ತೆ ಒಟ್ಟಿಗೆ ಎಡುಪಿಗೆ, ಶುರುವಾದ ಜಾಗಕ್ಕೆ, ಬರಬೇಕಾದರೆ 493 ಹೆಜ್ಜೆ ಆಗಬೇಕು. ಅದಕ್ಕೆ ಮೊದಲೇ ಆ ಭಾಗ ನಿಂತುಹೋಗುತ್ತದೆ. ಮೂರನೇ ಸುತ್ತಿಗೆ ನಾನು ತಪ್ಪಿದೆ, ಮತ್ತೆ ಹಿಡಿದೆ, ಮತ್ತೆ ತಪ್ಪಿದೆ. ‘ಸಮಕ್ಕೆ ಬಾರಮ್ಮ’ ಎಂದು ನನ್ನ ಮೇಷ್ಟ್ರು ಗದರಿದ್ದು ಕಿವಿಯಲ್ಲಿ ಕೇಳಿಸಿತು. ಎಲ್ಲಿಗೆ ಬರಲಿ? ಮುಂದಿನ ಆವರ್ತ ಇದೆ ಎಂಬ ಭರವಸೆ ಇರುವವನಿಗೆ ಸಮ. ಬಿಡುಗಡೆಯ ತಾರೀಖೇ ಗೊತ್ತಿಲ್ಲದೆ ಈ ನೆಲದ ಮೇಲೆ ಕೂತವನು ‘ಇನ್ನು ಕಾಲವೇ ಇರುವುದಿಲ್ಲ’ ಎಂದು ಸಾರುವ ಬೈಬಲ್ಲಿನ ದೇವದೂತನಿಗಾಗಿ ಬರೆದ ಸಂಗೀತ ಇದು. ಆವರ್ತವನ್ನು ಅವನು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ನಾನು ಒಂದು ವಾರ ತೊಡೆ ತಟ್ಟಿ ಕಾಣದ್ದು ಅಲ್ಲಿ ಕಂಡಿತು.

ಮೂರನೇ ಭಾಗದಲ್ಲಿ ಕ್ಲಾರಿನೆಟ್ ಒಂಟಿ. ಒಂದು ಸ್ವರ ಇತ್ತೋ ಇಲ್ಲವೋ ಎಂಬಷ್ಟು ಸಣ್ಣಗೆ ಹುಟ್ಟಿ, ಉಬ್ಬುತ್ತ ಉಬ್ಬುತ್ತ ಕಿವಿ ತುಂಬಿ, ಫಕ್ಕನೆ ನಿಂತಿತು. ಎದುರಿನ ಸಾಲಿನ ಮುದುಕಿ ಕೋಟಿನ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಆ ನಿಶ್ಶಬ್ದ ಮುಗಿಯುವವರೆಗೂ ಬಿಡಲಿಲ್ಲ.

ಐದನೇ ಭಾಗ, ಚೆಲ್ಲೊ ಮತ್ತು ಪಿಯಾನೊ ಮಾತ್ರ. ‘ಅನಂತ ನಿಧಾನ’ ಎಂದೇ ಅದಕ್ಕೆ ಸೂಚನೆ. ಪಿಯಾನೊ ಒಂದೇ ಸಮ ಮೆಲ್ಲಗೆ ಬಡಿಯುತ್ತಿದೆ, ಮೇಲೆ ಚೆಲ್ಲೊ ಮುಗಿಯದ ಒಂದು ಗೆರೆ ಎಳೆಯುತ್ತಿದೆ. ನನ್ನ ಕೈ ಯಾವಾಗ ಎಣಿಸುವುದನ್ನು ಬಿಟ್ಟಿತೋ ಗೊತ್ತಿಲ್ಲ. ಕೆನ್ನೆ ಒದ್ದೆಯಾಗಿತ್ತು.

ರಾತ್ರಿ ಅದೇ ಸೇತುವೆಯ ಮೇಲೆ ನಿಂತು, ಗ್ಲೌಸ್ ಬಿಚ್ಚಿ, ಕಂಬಿಯ ಮೇಲೆ 2 3 2 ತಟ್ಟಿ ನೋಡಿದೆ. ಹಿಂದಿನಿಂದ ಓದಿದರೂ ಅದು 2 3 2 ಆಗಿಯೇ ಉಳಿಯುತ್ತದೆ, ಮೆಸಿಯಾನ್‌ಗೆ ಇದು ಎಷ್ಟು ಇಷ್ಟವಿತ್ತೋ! ಕಂಬಿ ಕೊರೆಯುತ್ತಿತ್ತು. ಬೆರಳು ಮರಗಟ್ಟುವವರೆಗೆ ತಟ್ಟಿ, ಮತ್ತೆ ಗ್ಲೌಸ್ ಹಾಕಿಕೊಂಡು ಸ್ಟೇಷನ್ ಕಡೆ ನಡೆದೆ.