ಒಂದು ದಿನದ ಕಾರ್ಯಕ್ರಮಕ್ಕೆ ಆರು ತಿಂಗಳು ಏನು ಮಾಡ್ತೀರಿ?

ತುಮಕೂರಿನಲ್ಲಿ ಟೆಡ್‌ಎಕ್ಸ್ ತರಹದ ವಿಚಾರ ಸಮ್ಮೇಳನ ನಡೆಸುವವರನ್ನು ಕಂಡರೆ ಜನ ಕೇಳುವ ಪ್ರಶ್ನೆ ಇದು. ಹತ್ತು ಮಂದಿ ಮಾತಾಡ್ತಾರೆ, ನೂರು ಮಂದಿ ಕೇಳ್ತಾರೆ, ಸಂಜೆಗೆ ಮುಗೀತು. ಹಾಲ್ ಬುಕ್ ಮಾಡಿ, ಮೈಕ್‌ನವರಿಗೆ ಹೇಳಿ, ಊಟಕ್ಕೆ ಅಡ್ವಾನ್ಸ್ ಕೊಟ್ಟರೆ ಆಯ್ತಲ್ಲ?

ಹಾಲ್, ಮೈಕ್, ಊಟ ಎಲ್ಲ ಸೇರಿ ಒಂದೂವರೆ ತಿಂಗಳ ಕೆಲಸ. ಮಿಕ್ಕಿದ್ದು ಹೋಗುವುದು ಮಾತು ಕಡಿಮೆ ಮಾಡುವುದಕ್ಕೆ.

ಟೆಡ್ ಅಂದರೆ ಒಬ್ಬೊಬ್ಬರು ಒಂದೊಂದು ವಿಚಾರವನ್ನು ಚಿಕ್ಕದಾಗಿ ಹೇಳಿ ಮುಗಿಸುವ ಸಮ್ಮೇಳನ. ಅದು ಮೊದಲು ನಡೆದದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬೇರೆ ಊರಿನವರೂ ಅದೇ ಪದ್ಧತಿಯಲ್ಲಿ ನಡೆಸಿಕೊಳ್ಳಲಿ ಎಂದು ಟೆಡ್‌ಎಕ್ಸ್ ಪರವಾನಗಿ ಶುರುವಾದದ್ದು 2009ರಲ್ಲಿ. ಪರವಾನಗಿಗೆ ಶುಲ್ಕವಿಲ್ಲ, ಷರತ್ತು ಮಾತ್ರ ಬೇಕಾದಷ್ಟಿವೆ. ಯಾರ ಮಾತೂ 18 ನಿಮಿಷ ಮೀರಬಾರದು. ಭಾಷಣಕಾರರಿಗೆ ಸಂಭಾವನೆ ಇಲ್ಲ. ಪರವಾನಗಿ ಪಡೆದವರು ಟೆಡ್‌ನ ಸ್ವಂತ ಸಮ್ಮೇಳನಕ್ಕೆ ಹೋಗಿ ಬಂದಿರದಿದ್ದರೆ ಸಭಿಕರು 100 ದಾಟುವಂತಿಲ್ಲ. ಪಕ್ಷ, ಧರ್ಮ, ವ್ಯಾಪಾರದ ಪ್ರಚಾರ ಕೂಡದು, ಪ್ರಾಯೋಜಕರು ವೇದಿಕೆ ಹತ್ತಿ ತಮ್ಮ ಕಂಪನಿ ಬಗ್ಗೆ ಮಾತಾಡುವಂತಿಲ್ಲ. ನಮ್ಮ ಕಡೆ ಅರ್ಥ ಮಾಡಿಸುವುದಕ್ಕೆ ಕಷ್ಟವಾಗುವುದು ಈ ಕೊನೆಯದೇ. ದುಡ್ಡು ಕೊಟ್ಟವರು ‘ಎರಡೇ ಮಾತು’ ಅನ್ನುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಅಧ್ಯಕ್ಷರ ನುಡಿ ಎಲ್ಲ ಇಟ್ಟುಕೊಂಡರೆ ಬೆಳಗಿನ ಒಂದೂವರೆ ಗಂಟೆ ಅಲ್ಲೇ ಹೋಯಿತು. ಶಾಲು ಹೊದಿಸಲೇಬೇಕಾ? ಊಟದ ಹಾಲ್‌ನಲ್ಲಿ ಹೊದಿಸಿ, ಯಾರೂ ಬೇಡ ಅನ್ನಲ್ಲ.

ಇನ್ನು ಮಾತು. ‘ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಮಾತಾಡ್ತೀನಿ’ ಎಂದು ಯಾರಾದರೂ ಬರುತ್ತಾರೆ ಅಂದುಕೊಳ್ಳಿ. ಅದಿನ್ನೂ ಬರೀ ವಿಷಯ. ಅದರೊಳಗೆ ಸುಮಾರು 13 ಸಾವಿರ ಎಕರೆ ಇದೆ, 2,050 ಮೆಗಾವಾಟ್ ಇದೆ, ರೈತರಿಂದ ಜಮೀನು ಕೊಳ್ಳದೆ ಗುತ್ತಿಗೆಗೆ ಪಡೆದ ವ್ಯವಸ್ಥೆ ಇದೆ, ಬರಗಾಲದ ಇತಿಹಾಸ ಇದೆ. ಮೊದಲ ಕರಡಿನಲ್ಲಿ ಇಷ್ಟೂ ಬರುತ್ತದೆ, ಜೊತೆಗೆ ಉದ್ಘಾಟನೆಗೆ ಯಾರ್ಯಾರು ಬಂದಿದ್ದರು ಅನ್ನುವುದೂ. ಆಗ ಕೇಳಬೇಕಾದದ್ದು, ಸಭಿಕ ಮನೆಗೆ ಹೋಗಿ ಹೆಂಡತಿಗೆ ಒಂದೇ ವಾಕ್ಯದಲ್ಲಿ ಏನು ಹೇಳಬೇಕು? ‘ಗುತ್ತಿಗೆ ಕೊಟ್ಟವನಿಗೆ ವರ್ಷಾ ವರ್ಷ ದುಡ್ಡು ಬರುತ್ತೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನೂ ಬರಲ್ಲ’ ಎಂಬ ವಾಕ್ಯ ಸಿಕ್ಕಿತು ಅಂದರೆ ಮಾತಿಗೆ ಬೆನ್ನೆಲುಬು ಸಿಕ್ಕಿತು. ಇದಕ್ಕೆ ಬೇಕಾದ ಅಂಕಿ ಒಂದೋ ಎರಡೋ. ಉಳಿದದ್ದು ನಿಜವಾಗಿದ್ದರೂ ತೆಗೆಯಬೇಕು. ಜಗಳ ಆಗುವುದೇ ಇಲ್ಲಿ. ಆ ವಾಕ್ಯ ಸಿಗುವುದಕ್ಕೆ ನಾಲ್ಕೈದು ವಾರ ಹಿಡಿದರೆ ಹೆಚ್ಚಲ್ಲ.

18 ನಿಮಿಷ ಅನ್ನುವುದು ಮಿತಿ, ಅಷ್ಟೂ ಮಾತಾಡಬೇಕೆಂದಲ್ಲ. 12 ನಿಮಿಷಕ್ಕೆ ಬರೆಸುವುದು ಒಳ್ಳೆಯದು. ಕನ್ನಡದಲ್ಲಿ ನಿಮಿಷಕ್ಕೆ 90 ಪದ ಎಂದು ಹಿಡಿದರೆ 1,080 ಪದ. ವೇದಿಕೆ ಮೇಲೆ ಅದು 14 ಆಗುತ್ತದೆ, ನಗು ಬರುತ್ತದೆ, ಚಪ್ಪಾಳೆ ಬರುತ್ತದೆ, ಸ್ಲೈಡ್ ತಡವಾಗುತ್ತದೆ. ಹೊಸಬರಿಗಿಂತ ಮಾತುಗಾರರದ್ದೇ ಹೆಚ್ಚು ಕಾಟ. 45 ನಿಮಿಷದ ಪೀರಿಯಡ್ಡಿಗೆ ಒಗ್ಗಿದ ಮೇಷ್ಟ್ರು ಪೀಠಿಕೆಗೇ ಎಂಟು ನಿಮಿಷ ತೆಗೆದುಕೊಳ್ಳುತ್ತಾರೆ. ಪೀಠಿಕೆ ಪೂರ್ತಿ ಹೊಡೆದುಹಾಕಿ ಎರಡನೇ ಪ್ಯಾರಾದಿಂದ ಶುರು ಮಾಡಿಸಿ, ಬಹುತೇಕ ಏನೂ ಕಳೆದುಹೋಗಿರುವುದಿಲ್ಲ. ಮೊದಲ ರಿಹರ್ಸಲ್ ಕೂತು ಓದುವುದು, ಎರಡನೆಯದು ಹಾಳೆ ಬಿಟ್ಟು ನಿಂತು, ಮೂರನೆಯದು ಸ್ಲೈಡ್ ಬದಲಿಸುವ ಕ್ಲಿಕ್ಕರ್ ಹಿಡಿದು, ಕೊನೆಯದು ಹಿಂದಿನ ದಿನ ಅದೇ ವೇದಿಕೆಯಲ್ಲಿ, ಅದೇ ಲೈಟಿನಲ್ಲಿ, ನಾಳೆ ಹಾಕುವ ಬಟ್ಟೆಯಲ್ಲಿ.

ಬಟ್ಟೆ ಯಾಕೆ? ಕೆನ್ನೆ ಮೈಕ್‌ನ ಟ್ರಾನ್ಸ್‌ಮಿಟರ್ ಪೆಟ್ಟಿಗೆ ಸೊಂಟಕ್ಕೆ ಸಿಕ್ಕಿಸುವಂಥದು. ಪಂಚೆ, ಸೀರೆಯವರಿಗೆ ಅದು ಜಾರುತ್ತದೆ. ಜೇಬಿರುವ ಬಟ್ಟೆಯ ಬೆಲ್ಟ್ ನಾಲ್ಕು ಹೊಲಿಸಿಟ್ಟುಕೊಳ್ಳಿ. ಕಾಲರ್ ಮೈಕ್ ಆದರೆ ಸರ, ಬಳೆ ತಾಗಿದ ಸದ್ದೆಲ್ಲ ರೆಕಾರ್ಡ್ ಆಗುತ್ತದೆ. ಸಣ್ಣ ಗೀರಿನ ಅಂಗಿ ವಿಡಿಯೊದಲ್ಲಿ ಅಲೆಅಲೆಯಾಗಿ ನಡುಗುತ್ತದೆ. ಬಿಳಿ ಪಂಚೆ-ಅಂಗಿಗೆ ಲೈಟ್ ಬಿದ್ದರೆ ಬಟ್ಟೆ ಹೊಳೆದು ಮುಖ ಕಪ್ಪಾಗುತ್ತದೆ, ಆಗ ಕ್ಯಾಮರಾದವರು ಎಕ್ಸ್‌ಪೋಷರ್ ಮುಖಕ್ಕೆ ಹೊಂದಿಸಬೇಕು. ಪ್ರತಿ ಗೋಷ್ಠಿಗೂ ಮೈಕ್‌ಗೆ ಹೊಸ ಸೆಲ್, ವೇದಿಕೆ ಪಕ್ಕದಲ್ಲಿ ಆನ್ ಮಾಡಿಟ್ಟ ಒಂದು ಕೈಮೈಕ್. ಮಾತಾಡುವವರು ನಿಲ್ಲುವ ದುಂಡು ಕೆಂಪು ಕಾರ್ಪೆಟ್ ಬರೀ ಅಲಂಕಾರಕ್ಕಲ್ಲ, ಅದರಾಚೆ ಹೋದರೆ ಲೈಟೂ ಇಲ್ಲ, ಫೋಕಸ್ಸೂ ಇಲ್ಲ.

ಸ್ಲೈಡ್‌ಗಳಲ್ಲಿ ಕೈಕೊಡುವುದು ಅಕ್ಷರ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಗೀಚು ಆಗುತ್ತದೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಗೂಗಲ್‌ನಿಂದ ಎತ್ತಿದ ಚಿತ್ರ, ಸಿನಿಮಾ ಹಾಡಿನ ತುಣುಕು ಇದ್ದರೆ ಮೊದಲ ರಿಹರ್ಸಲ್‌ನಲ್ಲೇ ತೆಗೆಸಿ. ಹಕ್ಕಿಲ್ಲದ ಒಂದು ಫೋಟೊದಿಂದ ಆ ಮಾತಿನ ಇಡೀ ವಿಡಿಯೊ ನೆಟ್‌ಗೆ ಹಾಕಲಾಗದೆ ನಿಂತುಹೋಗಬಹುದು.

ಕರೆಂಟ್ ಹೋದಾಗ ಜನರೇಟರ್ ಬರುವಷ್ಟರಲ್ಲಿ ಕೆಲವು ಸೆಕೆಂಡು ಆಗುತ್ತದೆ. ಲೈಟ್ ಹೋದರೆ ಜನ ಕಾಯುತ್ತಾರೆ, ಆದರೆ ಮೈಕ್‌ಗಳ ಸದ್ದು ಹೊಂದಿಸುವ ಡಿಜಿಟಲ್ ಮಿಕ್ಸರ್ ಆಫ್ ಆದರೆ ಮತ್ತೆ ಶುರುವಾಗಲು ನಿಮಿಷಗಳೇ ಬೇಕು. ಮಿಕ್ಸರ್, ಲ್ಯಾಪ್‌ಟಾಪ್, ಮೈಕ್ ರಿಸೀವರ್ ಮೂರೂ ಯುಪಿಎಸ್ ಮೇಲಿರಲಿ.

ದಿನಾಂಕ ಗೊತ್ತು ಮಾಡುವಾಗ ಶಿವರಾತ್ರಿ ಸುತ್ತಮುತ್ತ ಬೇಡ. ಆಗ ನಡೆಯುವ ಸಿದ್ಧಗಂಗೆ ಮಠದ ಜಾತ್ರೆ ಸಮಯದಲ್ಲಿ ಲಾಡ್ಜ್ ರೂಮು ಸಿಗುವುದು ಕಷ್ಟ. ಮದುವೆ ಮುಹೂರ್ತದ ದಿನಗಳಲ್ಲಿ ಸೌಂಡ್‌ನವರು ಸಿಗಲ್ಲ, ಸೆಮಿಸ್ಟರ್ ಪರೀಕ್ಷೆ ಬಂದರೆ ಸ್ವಯಂಸೇವಕರು ಸಿಗಲ್ಲ.

ಬೆಳಿಗ್ಗೆ ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದ್ದರೆ ಹೊರಗಿನಿಂದ ಬಂದವರಿಗೆ ಖುಷಿ. ಆದರೆ ಮಧ್ಯಾಹ್ನ ಮುದ್ದೆ, ಬಸ್ಸಾರು ಬಡಿಸಿದರೆ ಆಮೇಲೆ ಮಾತಾಡುವವರ ಗತಿ ದೇವರೇ ಕಾಯಬೇಕು. ಆ ಹೊತ್ತಿಗೆ ಹಾಡು ಅಥವಾ ತಮಟೆ ಇಡಿ. ಟೀ ಕೌಂಟರ್ ಒಂದೇ ಇದ್ದರೆ 30 ನಿಮಿಷದ ವಿರಾಮ ಸಾಲಿನಲ್ಲೇ ಮುಗಿಯುತ್ತದೆ, ಎರಡು ಕಡೆ ಇಡಿ. ಯಾಕೆಂದರೆ ಬಳಗ ಬೆಳೆಯುವುದು ಹಾಲ್‌ನೊಳಗಲ್ಲ, ಆ ಟೀ ಹೊತ್ತಿನಲ್ಲಿ. ಮುಂದಿನ ವರ್ಷದ ಸ್ವಯಂಸೇವಕರು ಸಿಗುವುದೂ ಅಲ್ಲೇ. ಕಾಲೇಜು ಮಕ್ಕಳು ಎರಡು ವರ್ಷಕ್ಕೆ ಬೆಂಗಳೂರು ಸೇರಿಬಿಡುತ್ತಾರೆ. ಹಾಗಾಗಿ ಪ್ರತಿ ಕೆಲಸಕ್ಕೂ ಒಬ್ಬ ಹಳಬ, ಒಬ್ಬ ಹೊಸಬ ಇರಬೇಕು, ಸೌಂಡ್‌ನವರ ನಂಬರಿನಿಂದ ಹಿಡಿದು ಯಾವ ಪ್ಲಗ್ ಪಾಯಿಂಟ್ ಸಡಿಲ ಅನ್ನುವವರೆಗೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ತಿಂಗಳಿಗೊಮ್ಮೆ ಇಪ್ಪತ್ತು ಜನ ಯಾವುದಾದರೂ ಲೈಬ್ರರಿಯಲ್ಲೋ ಕಾಲೇಜು ಕೊಠಡಿಯಲ್ಲೋ ಸೇರಿ ಆರು ನಿಮಿಷದ ಎರಡು ಮಾತು ಕೇಳಿದರೆ ಸಾಕು, ಬರುವ ವರ್ಷದ ಭಾಷಣಕಾರರಲ್ಲಿ ಅರ್ಧದಷ್ಟು ಜನ ಅಲ್ಲೇ ಕಣ್ಣಿಗೆ ಬೀಳುತ್ತಾರೆ.