ಮೂರಲ್ಲ, ಆರು

ಹತ್ತನೇ ಕ್ಲಾಸಿನ ಪ್ರವಾಸದ ಬಗ್ಗೆ ಬರೆಯಲು ಕುಳಿತರೆ ಮೈಸೂರಿನ ಅರಮನೆ ನೆನಪಾಗುವುದೇ ಇಲ್ಲ. ನೆನಪಾಗುವುದು ವಂಡರ್‌ಲಾದ ರೋಲರ್ ಕೋಸ್ಟರ್. ಮತ್ತೆ, ಅದರ ಕೆಳಗೆ ನಮ್ಮೆಲ್ಲರ ಪರ್ಸು, ಕನ್ನಡಕ ಕಾಯುತ್ತಾ ನಿಂತಿದ್ದ ವಿಜ್ಞಾನದ ಮಾಸ್ತರು.

2018ರ ಜನವರಿ. ಶಿರಸಿಯಿಂದ ಸಂಜೆ ಹೊರಟ ಬಸ್ಸಿನಲ್ಲಿ ರಾತ್ರಿಯಿಡೀ ನನ್ನದೇ ಬಡಾಯಿ. ಕುಮಟೆಯ ಅತ್ತೆ ಮನೆಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಒಮ್ಮೆಯೂ ವಾಂತಿ ಮಾಡಿದವನಲ್ಲ ನಾನು. ಮಾರಿಕಾಂಬಾ ಜಾತ್ರೆಯ ದೊಡ್ಡ ತೊಟ್ಟಿಲನ್ನೂ ಹತ್ತಿ ಇಳಿದವನು. ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಹಾಗಾಗಿ ತೊಟ್ಟಿಲು ಹತ್ತಿದ್ದು ಒಟ್ಟು ಎರಡೇ ಸಲ. ಅದನ್ನು ಮಾತ್ರ ಹೇಳಲಿಲ್ಲ.

ಬಿಡದಿ ಹತ್ತಿರ ಇಳಿದು ಒಳಗೆ ಹೋದರೆ, ಆ ಹಳಿಯ ಸುರುಳಿ ನೋಡಿಯೇ ನನ್ನ ಮಾತು ಕಡಿಮೆಯಾಯಿತು. ಮಾಸ್ತರು ಸಾಲಿನ ಪಕ್ಕದಲ್ಲೇ ಪಾಠ ಶುರು ಮಾಡಿದರು. "ಆ ಬಂಡಿಗೆ ಎಂಜಿನ್ನೇ ಇಲ್ಲ ಮಾರಾಯಾ. ಎಳ್ಕೊಂಡು ಹೋಗಿ ಮೇಲಿಂದ ಬಿಟ್ಬಿಡ್ತಾರೆ. ಪ್ರಚ್ಛನ್ನ ಶಕ್ತಿ ಅಂದ್ರೆ ಇದೇ, ನೋಡ್ಕೊಂಡು ಬಾ." ಎಂಜಿನ್ ಇಲ್ಲ ಅನ್ನುವುದು ಅಂಥ ಹೊತ್ತಲ್ಲಿ ಹೇಳುವ ಮಾತಾ?

ನನ್ನ ಪಕ್ಕ ಕನ್ನಡದ ಅಕ್ಕೋರು ಕುಳಿತರು. ಅವರನ್ನು ಚೂಡಿದಾರದಲ್ಲಿ ನೋಡಿದ್ದು ಅವತ್ತೇ ಮೊದಲು. ಹೆಗಲ ಮೇಲಿಂದ ಕಬ್ಬಿಣದ ಪಟ್ಟಿ ಬಂದು ಎದೆಗೆ ಒತ್ತಿ ಕುಳಿತಿತು. ಬಂಡಿ ಹೊರಟಿತು, ಆದರೆ ಹಿಂದಕ್ಕೆ! ಬೆನ್ನು ಮೇಲಾಗಿ ಏರುತ್ತಾ ಹೋದಂತೆ ನಮ್ಮ ಮುಖ ನೆಲಕ್ಕೆ ತಿರುಗಿತು. ಇಡೀ ಮೈಭಾರ ಆ ಪಟ್ಟಿಯ ಮೇಲೆ. ನಮ್ಮ ತೋಟದ ಅಡಿಕೆ ಮರ ಎರಡನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗಲೂ ಎಲೆಅಡಿಕೆಯ ಕವಳ ಹಾಕಿಕೊಂಡು ಆರಾಮಾಗಿ ಇರುತ್ತಾನೆ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ಕೆಳಗೆ ಮಾಸ್ತರು ಬೆರಳುದ್ದ ಕಾಣುತ್ತಿದ್ದರು.

ಒಂದು ಕ್ಷಣ ಎಲ್ಲ ಸುಮ್ಮನಾಯಿತು. ಆಮೇಲೆ ಬಿಟ್ಟರು.

ಕಣ್ಣು ಮುಚ್ಚಿದವನು ತೆರೆಯಲೇ ಇಲ್ಲ. ಹೊಟ್ಟೆ ಗಂಟಲಿಗೆ ಬಂತು, ರಕ್ತವೆಲ್ಲ ಕಾಲಿಗೆ ಇಳಿದಂತಾಯಿತು. ತಲೆ ಎಲ್ಲಿದೆ, ಕಾಲೆಲ್ಲಿದೆ ಗೊತ್ತಾಗಲಿಲ್ಲ. ದಿನಾ ಗಾದೆ ವಿಸ್ತರಿಸಲು ಹೇಳುತ್ತಿದ್ದ ಅಕ್ಕೋರ ಬಾಯಲ್ಲಿ ಬರೀ "ಅಯ್ಯಯ್ಯೋ". ಮುಂದೆ ಎಲ್ಲೋ ಬಂಡಿ ನಿಧಾನವಾಯಿತು. ಮುಗಿಯಿತು ಅಂದುಕೊಂಡು ಪಟ್ಟಿ ಹಿಡಿದ ಕೈ ಸಡಿಲ ಬಿಟ್ಟೆ. ಎಲ್ಲಿ ಮುಗಿಯಿತು! ಅದು ಇನ್ನೊಂದು ತುದಿ. ಅಲ್ಲಿಂದ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸ್.

ಇಳಿದ ಮೇಲೆ ಕಾಲು ಒಂಚೂರು ನಡುಗುತ್ತಿತ್ತು. ಆದರೂ ಬಡಾಯಿ ಬಿಡಲಿಲ್ಲ. "ಏನೂ ಆಗ್ಲಿಲ್ಲ ಸರ್, ಎಲ್ಲಾ ನೋಡ್ದೆ" ಎಂದೆ.

"ಹೌದಾ? ಎಷ್ಟು ಸಲ ತಲೆಕೆಳಗಾದೆ?"

"ಮೂರು."

"ಹೋಗ್ತಾ ಮೂರು, ಬರ್ತಾ ಮೂರು. ಆರು." ಅವರು ಕೆಳಗೆ ನಿಂತು ಎಣಿಸಿದ್ದರು.

ಪ್ರಿಪರೇಟರಿ ಪರೀಕ್ಷೆಯ ಪೇಪರ್ ಅವರದ್ದೇ. ಬಿಟ್ಟಷ್ಟೇ ಎತ್ತರಕ್ಕೆ ಬಂಡಿ ತಾನಾಗಿ ಏರುವುದಿಲ್ಲ, ಆ ತುದಿಯಲ್ಲಿ ಮತ್ತೆ ಚೈನಿನಿಂದ ಎಳೆಯಬೇಕು, ಯಾಕೆ ಎಂದು ಕೇಳಿದ್ದರು. ಗಾಳಿ, ಘರ್ಷಣೆ ಎಲ್ಲ ಸರಿಯಾಗಿ ಬರೆದೆ. ಪೂರಾ ಅಂಕ ಕೊಟ್ಟು, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದರು: "ಕಣ್ಣು ಮುಚ್ಚಿದ್ದು ಕೆಳಗಿಂದ ಕಾಣ್ತಿತ್ತು."