ಸತ್ತ ತಂತಿ ಅಂತ ಎಸೆದೆ

ಗಿಟಾರ್ ರಿಪೇರಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ವಯಸ್ಸಾದವರೊಬ್ಬರು ಪಿಟೀಲಿನ ಹಾಗೆ ಎರಡು ಸೀಳು ಕಿಂಡಿ ಇರುವ ಜಾಝ್ ಗಿಟಾರ್ ತಂದರು. ಕೇಬಲ್ ಚುಚ್ಚುವ ಸಾಕೆಟ್ ಕರಕರ ಅನ್ನುತ್ತಿತ್ತು, ಅಷ್ಟೇ. ಸರಿ ಮಾಡಿ ನುಡಿಸಿ ನೋಡಿದೆ. ಸೌಂಡ್ ಮಂಕು. ಪಾಪ, ಯಾವ ಕಾಲದಲ್ಲಿ ತಂತಿ ಬದಲಾಯಿಸಿದ್ದರೋ ಅಂದುಕೊಂಡು ಹಳೇದು ಕತ್ತರಿಸಿ, ಹೊಸದು ಹಾಕಿಟ್ಟೆ. ದುಡ್ಡೂ ತಗೊಳ್ಳಬಾರದು ಅಂತಿದ್ದೆ.

ಅವರು ಬಂದು ಒಂದೇ ಒಂದು ಸ್ವರ ನುಡಿಸಿದರು. "ನನ್ನ ತಂತಿ ಎಲ್ಲಪ್ಪಾ?"

ಕಸದ ಬುಟ್ಟಿಯಿಂದ ಒಂದು ತುಂಡು ತೆಗೆದು ನನ್ನ ಕೈಗೆ ಕೊಟ್ಟು, ಉಗುರು ಎಳೆದು ನೋಡು ಅಂದರು. ಮಾಮೂಲಿ ದಪ್ಪ ತಂತಿಗೆ ದುಂಡು ಸರಿಗೆ ಸುತ್ತಿರುತ್ತಾರೆ, ಉಗುರು ಎಳೆದರೆ ಜರ್ ಅನ್ನುತ್ತದೆ. ಇದು ನುಣ್ಣಗೆ ಜಾರಿತು. ಸುತ್ತಿದ್ದ ಸರಿಗೆಯೇ ಚಪ್ಪಟೆ. ಫ್ಲಾಟ್‌ವೂಂಡ್ ಅಂತಾರೆ. ಬೆರಳು ಸರಿಸಿದರೆ ಕೀಚಲು ಸದ್ದಿಲ್ಲ, ಝಣಝಣ ಕಡಿಮೆ. ನಾನು ರೋಗ ಅಂದುಕೊಂಡದ್ದೇ ಅವರಿಗೆ ಬೇಕಾಗಿದ್ದ ದನಿ.

ಬೈಯಲಿಲ್ಲ. ಫೋನಿನಲ್ಲಿ ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್‌ಗೊಮರಿ ನುಡಿಸಿದ್ದನ್ನು ಹಾಕಿದರು. ಇಂಡಿಯಾನಾಪೊಲಿಸ್‌ನವನು, ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಸಂಗೀತ. ಅಕ್ಕಪಕ್ಕದವರಿಗೆ ತೊಂದರೆ ಆಗದಿರಲಿ ಅಂತ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಿಟ್ಟು ಹೆಬ್ಬೆರಳಿನಲ್ಲೇ ನುಡಿಸಲು ಶುರು ಮಾಡಿದನಂತೆ. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಮೀಟುತ್ತಾ ಹೋಗುತ್ತಾನೆ, ಎರಡೂ ಬೆಣ್ಣೆಯ ಹಾಗೆ. ಅಲ್ಲಿ ಪಿಕ್ಕಿನ ಟಕ್ ಅನ್ನೋ ಸದ್ದು ಬಂದಿದ್ದರೆ ಕೆಟ್ಟೇಹೋಗುತ್ತಿತ್ತು.

ಆ ವಾರ ಸುಮ್ನೆ ಇಂಥ ಹಳೇ ಜಾಝ್ ಗಿಟಾರಿಸ್ಟ್‌ಗಳನ್ನೇ ಕೇಳುತ್ತಾ ಕೂತೆ. 1939ರಲ್ಲಿ ಬೆನ್ನಿ ಗುಡ್‌ಮನ್‌ನ ಜಾಝ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್‌ನ ಗಿಬ್ಸನ್ ಇಎಸ್-150 ಗಿಟಾರ್‌ನಲ್ಲಿ ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿದು ಕೇಬಲ್‌ಗೆ ಕೊಡುವ ಭಾಗ, ಇರುವುದು ಕತ್ತಿನ ಹತ್ತಿರ. ಅಲ್ಲಿ ತಂತಿ ಅಗಲವಾಗಿ ಆಡುತ್ತದೆ, ದನಿ ದುಂಡಗೆ ಬರುತ್ತದೆ, ಸ್ಯಾಕ್ಸೊಫೋನ್ ಊದಿದ ಹಾಗೆ. ಗ್ರಾಂಟ್ ಗ್ರೀನ್ ಅನ್ನೋ ಇನ್ನೊಬ್ಬ ಆಂಪ್‌ನಲ್ಲಿ (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ) ಬೇಸ್, ಟ್ರೆಬಲ್ ಎರಡನ್ನೂ ಇಳಿಸಿ ನಡುವಿನ ಮಿಡ್ ಒಂದನ್ನೇ ಏರಿಸುತ್ತಿದ್ದನಂತೆ. ಅಂಥ ಆಂಪ್ ನನ್ನ ಮೇಜಿಗೆ ಬಂದಿದ್ದರೆ ನಾಬ್ ಯಾರೋ ತಿರುಚಿದ್ದಾರೆ ಅಂತ 'ಸರಿ' ಮಾಡಿಬಿಡುತ್ತಿದ್ದೆ, ಅಲ್ವಾ?

ಈಗ ರಿಪೇರಿ ವಿವರ ಬರೆದುಕೊಳ್ಳುವ ನನ್ನ ಜಾಬ್ ಕಾರ್ಡಿನಲ್ಲಿ ಮೊದಲ ಸಾಲೇ "ತಂತಿ ಬದಲಾಯಿಸಬೇಕಾ? ಕೇಳಿ". ನಾಬ್‌ಗಳು ಎಲ್ಲೆಲ್ಲಿದ್ದವು ಅಂತ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.

ಫ್ಲಾಟ್‌ವೂಂಡ್ ಸೆಟ್ ನನ್ನ ದುಡ್ಡಿನಲ್ಲೇ ತರಿಸಿ ಹಾಕಿಕೊಟ್ಟೆ. ನುಡಿಸಿ ನೋಡಿ ಅವರು ಹೇಳಿದ್ದು ಇಷ್ಟೇ: "ಪರವಾಗಿಲ್ಲ. ಇನ್ನೊಂದಾರು ತಿಂಗಳು ಹಳೇದಾಗಲಿ."